ಕೈಕುರ್ಚಿಯ ವಿನಿಮಯ ದರ

ಓದುಗರೇ, ಮನೆಗೆ ಬಂದವರ ಜೇಬನ್ನು ಮನಸ್ಸಿನಲ್ಲೇ ತೂಗಿ ನೋಡದೆ ಅವರಿಗೆ ಕುರ್ಚಿ ಹಾಕಿದ್ದು ನಿಮ್ಮ ಜನ್ಮದಲ್ಲಿ ಎಷ್ಟು ಸಲ? ತಡವರಿಸಬೇಡಿ. ಕಾರಿನಲ್ಲಿ ಬಂದವರಿಗೆ ಮೆತ್ತೆಯ ಕುರ್ಚಿ, ಬಸ್ಸಿನಲ್ಲಿ ಬಂದವರಿಗೆ ಮರದ ಕುರ್ಚಿ, ನಡೆದು ಬಂದವರಿಗೆ "ಅಯ್ಯೋ, ಬಾಗಿಲಲ್ಲೇ ನಿಂತ್ರಲ್ಲ" ಎಂಬ ಬರಿಯ ಬಾಯುಪಚಾರ: ಈ ಪದ್ಧತಿ ನಿಮ್ಮ ಮನೆಯಲ್ಲಿಲ್ಲವೆಂದು ಎದೆ ಮುಟ್ಟಿಕೊಂಡು ಹೇಳಬಲ್ಲಿರಾ? ಹೇಳಲಾರಿರೆಂದು ಬಲ್ಲೆನಾದ್ದರಿಂದಲೇ ಈ ಕಥೆಗೆ ಕೈಹಾಕಿದ್ದೇನೆ. ಇದರಲ್ಲಿ ಬರುವ ಕನ್ನಡಕಯ್ಯನವರನ್ನು ಕಂಡು ನೀವು ನಕ್ಕರೆ ನನ್ನದೇನೂ ಅಡ್ಡಿಯಿಲ್ಲ. ಆದರೆ ನಗುವ ಮುನ್ನ ನಿಮ್ಮ ಪಡಸಾಲೆಯ ಕಡೆಗೊಮ್ಮೆ ಕಣ್ಣು ಹಾಯಿಸಿಕೊಳ್ಳುವುದು ಕ್ಷೇಮ.

ಕನ್ನಡಕಯ್ಯ ಎಂಬುದು ಹೆತ್ತವರಿಟ್ಟ ಹೆಸರಲ್ಲ. ಮಾರುಕಟ್ಟೆಯ ಬೀದಿಯಲ್ಲಿ, ಇಸ್ತ್ರಿ ಅಂಗಡಿಗೂ ಔಷಧಿ ಅಂಗಡಿಗೂ ನಡುವೆ ಉಸಿರು ಬಿಗಿಹಿಡಿದು ನಿಂತಂತಿದ್ದ ಅವರ ಪುಟ್ಟ ಕನ್ನಡಕದ ಅಂಗಡಿ ಅವರಿಗೆ ದಯಪಾಲಿಸಿದ ಬಿರುದು. ಊರಿನ ಅರ್ಧ ಜನ ಲೋಕವನ್ನು ನೋಡುತ್ತಿದ್ದುದು ಅವರು ಉಜ್ಜಿ ಕೂರಿಸಿದ ಗಾಜುಗಳ ಮೂಲಕ. ಅವರು ಮಾತ್ರ ಲೋಕವನ್ನು ನೋಡುತ್ತಿದ್ದುದು ತಮ್ಮ ಮಾವನ ಮನೆಯ ಒಂದು ಕುರ್ಚಿಯ ಮೂಲಕ.

ಆ ಕುರ್ಚಿಯ ವಿಷಯವನ್ನು ಮೊದಲೇ ಹೇಳಿಬಿಡುವುದು ನನ್ನ ಧರ್ಮ. ಮಾವನವರು ತೂಕ ಮತ್ತು ಅಳತೆ ಇಲಾಖೆಯ ನಿವೃತ್ತ ಇನ್‌ಸ್ಪೆಕ್ಟರು. ಅವರ ಪಡಸಾಲೆಯಲ್ಲಿ ಕೈಯಿರುವ ಕುರ್ಚಿ ಒಂದೇ ಒಂದು. ಉಳಿದದ್ದೆಲ್ಲ ಬೆಂಚು ಮತ್ತು ಸ್ಟೂಲು. ಅವರಿಗೆ ಇಬ್ಬರು ಹೆಣ್ಣುಮಕ್ಕಳು. ಖರ್ಚು ಒಂದರಲ್ಲೇ ಮುಗಿಯಲೆಂದು ಇಬ್ಬರ ಮದುವೆಯನ್ನೂ ಒಂದೇ ದಿನ ಮಾಡಿ ಮುಗಿಸಿದ್ದರು. ಹಿರಿಯಳನ್ನು ಗಡಿಯಾಚೆಯ ದೇಶದಲ್ಲಿ ಹಾಸಿಗೆ ಕಾರ್ಖಾನೆಯ ಮೇಲ್ವಿಚಾರಕರಾಗಿದ್ದವರಿಗೆ ಕೊಟ್ಟರು, ಕಿರಿಯಳನ್ನು ಕನ್ನಡಕಯ್ಯನವರಿಗೆ. ಹೀಗೆ ಇವರಿಬ್ಬರೂ ಷಡ್ಡಕರಾದರು. ಷಡ್ಡಕತನವೆಂಬುದು ರಕ್ತಸಂಬಂಧವಲ್ಲ, ಸ್ನೇಹವೂ ಅಲ್ಲ. ಅದು ಒಂದೇ ತಕ್ಕಡಿಯ ಎರಡು ತಟ್ಟೆಗಳ ಸಂಬಂಧ: ಒಂದು ತೂಗಬೇಕಾದರೆ ಇನ್ನೊಂದು ಹಗುರಾಗಲೇಬೇಕು.

ಮದುವೆಯಾದ ಮೊದಲ ವರ್ಷಗಳಲ್ಲಿ ಕೈಕುರ್ಚಿ ಕನ್ನಡಕಯ್ಯನವರಿಗೇ ಮೀಸಲಾಗಿತ್ತು. ಊಟವಾದೊಡನೆ ಅತ್ತೆ ಓಡಿಬಂದು, "ಇಲ್ಲಿ ಕೂತ್ಕೊಳ್ಳಿ, ಇಲ್ಲೇ ಕೂತ್ಕೊಳ್ಳಿ" ಎಂದು ತೋಳು ಹಿಡಿದು ಕೂರಿಸುತ್ತಿದ್ದರು. ಆಮೇಲೆ ಒಂದು ವರ್ಷ, ಯಾವ ಮುನ್ಸೂಚನೆಯೂ ಇಲ್ಲದೆ, ಆ ಕುರ್ಚಿ ಗಡಿಯಾಚೆಯ ಷಡ್ಡಕರ ಪಾಲಾಯಿತು. ಕನ್ನಡಕಯ್ಯನವರಿಗೆ ಗೋಡೆಯ ಪಕ್ಕದ ಸ್ಟೂಲು. ಅಂದಿನಿಂದ ಇಂದಿನವರೆಗೆ ಆ ಏರ್ಪಾಡು ಬದಲಾಗಿರಲಿಲ್ಲ. ಕಾರಣವನ್ನು ಅವರು ಕೇಳಿರಲಿಲ್ಲ. ಕೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಬಾಯಿಬಿಟ್ಟು ಕೇಳುವುದು ಅವಮಾನವೆಂದೂ, ವರ್ಷಗಟ್ಟಲೆ ಒಳಗೊಳಗೇ ಕುದಿಯುವುದು ಘನತೆಯೆಂದೂ ನಂಬಿದ ಮನುಷ್ಯರಿಂದಲೇ ನ್ಯಾಯಾಲಯಗಳೂ ಆಸ್ಪತ್ರೆಗಳೂ ತುಂಬಿಹೋಗಿವೆ ಎಂಬುದನ್ನು ಇಲ್ಲಿ ಜ್ಞಾಪಿಸಿ ಮುಂದೆ ಹೋಗುತ್ತೇನೆ.

ಹೀಗಿರಲು ಮಾವನವರಿಂದ ಫೋನು ಬಂತು. ಅವರ ಮದುವೆಗೆ ಐವತ್ತು ವರ್ಷ ತುಂಬುತ್ತಿತ್ತು.

"ಭಾನುವಾರ ಎಲ್ಲರೂ ಬನ್ನಿ. ಫೋಟೋದವನಿಗೆ ಹೇಳಿದ್ದೀನಿ. ದೊಡ್ಡದಾಗಿ ಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕೋದು. ಕೂರೋರು ಮೂವರು. ನಾನು, ನಿಮ್ಮತ್ತೆ, ಒಬ್ಬ ಅಳಿಯ. ಮಿಕ್ಕವರು ಹಿಂದೆ ನಿಲ್ಲಬೇಕು."

"ಒಬ್ಬ ಅಳಿಯ ಅಂದ್ರೆ ಯಾವ ಅಳಿಯ ಮಾವ?"

"ಅದನ್ನ ಅವತ್ತು ನೋಡೋಣ. ಗೋಡೆ ಅಷ್ಟೇ ಅಗಲ ಇರೋದು. ಅಳೆದು ನೋಡಿದ್ದೀನಿ."

ಕನ್ನಡಕಯ್ಯನವರು ಫೋನು ಇಟ್ಟರು. ಸ್ಟೂಲಾದರೆ ಸ್ಟೂಲು, ವರ್ಷಕ್ಕೊಂದು ದಿನದ ಮಾತು. ಫೋಟೋ ಹಾಗಲ್ಲ. ಒಮ್ಮೆ ಗೋಡೆಗೇರಿತೆಂದರೆ ಮಕ್ಕಳು ಮೊಮ್ಮಕ್ಕಳೆಲ್ಲ ನೋಡುತ್ತಾರೆ: ಒಬ್ಬ ಅಳಿಯ ಕೂತಿದ್ದ, ಇನ್ನೊಬ್ಬ ನಿಂತಿದ್ದ. ಸತ್ತಮೇಲೂ ನಿಂತೇ ಇರಬೇಕಾಗುತ್ತದೆ! ಆ ಫೋಟೋದಲ್ಲಿ ಕೂತೇ ತೀರುವೆನೆಂದು ಅವರು ಸಂಕಲ್ಪ ಮಾಡಿದರು.

ಮರುದಿನ ಊಟಕ್ಕೆ ಕುಳಿತಾಗ ಕೈ ತಟ್ಟೆಯಲ್ಲೇ ಇರಲು ಅವರ ಕಣ್ಣು ಪತ್ರಿಕೆಯ ವಾಣಿಜ್ಯ ಪುಟದ ಮೇಲೆ ಬಿತ್ತು. ಬಿದ್ದದ್ದು ಅಲ್ಲೇ ನೆಟ್ಟಿತು.

"ಗೊತ್ತಾಯ್ತು ಕಣೇ, ಗೊತ್ತಾಯ್ತು!"

"ಏನು, ಉಪ್ಪು ಕಡಿಮೆ ಅಂತಲಾ?" ಎಂದರು ಹೆಂಡತಿ.

"ಕುರ್ಚಿ ಯಾಕೆ ಹೋಯ್ತು ಅಂತ ಗೊತ್ತಾಯ್ತು! ಇಲ್ನೋಡು, ನಮ್ಮ ದುಡ್ಡು ಒಂದು ಕೊಟ್ಟರೆ ಗಡಿಯಾಚೆ ದುಡ್ಡು ಪಾಯಿಂಟ್ ಎಂಟು ಬರುತ್ತೆ. ಅಂದ್ರೆ ಅವರ ಒಂದು ನಮ್ಮ ಒಂದಕ್ಕಿಂತ ದೊಡ್ಡದು. ಮದುವೆ ಹೊಸದರಲ್ಲಿ ಹಾಗಿರಲಿಲ್ಲ. ನಮ್ಮದೇ ಮೇಲಿತ್ತು, ಆಗ ಕುರ್ಚಿ ನನಗಿತ್ತು. ಯಾವಾಗ ಅವರದು ಮೇಲಾಯ್ತೋ ಆಗ ಕುರ್ಚಿ ಆ ಕಡೆ ಹೋಯ್ತು. ನಿಮ್ಮಪ್ಪ ತೂಕದ ಇಲಾಖೆಯವರು. ರೇಟು ನೋಡಿ ಕುರ್ಚಿ ಹಾಕ್ತಾರೆ!"

"ಕುರ್ಚಿ ಎಲ್ಲೂ ಹೋಗಿಲ್ಲ ರೀ, ಅಲ್ಲೇ ಇದೆ. ನೀವೇ ಎಲ್ಲೆಲ್ಲಿಗೋ ಹೋಗ್ತಿದ್ದೀರಿ. ಅಪ್ಪನ್ನೇ ಒಂದು ಮಾತು ಕೇಳಿಬಿಡಿ."

"ಕೇಳೋದಾ? ಕೇಳಿ ಕೂರೋದಕ್ಕಿಂತ ನಿಲ್ಲೋದೇ ವಾಸಿ. ನಾನು ಸಾಬೀತು ಮಾಡಿ ಕೂರ್ತೀನಿ. ಇವತ್ತಿನ ರೇಟು ಒಂದನ್ನೇ ನೋಡಿದ್ರೆ ಅದು ನ್ಯಾಯ ಅಲ್ಲ. ಮದುವೆ ಆದಾಗಿನಿಂದ ಇಲ್ಲೀವರೆಗಿನ ರೇಟು ತೆಗೆದು ಮುಂದೆ ಇಡ್ತೀನಿ. ಮಾತಾಡಲಿ ಆಮೇಲೆ!"

ಹೆಂಡತಿ ಉಪ್ಪಿನ ಬಟ್ಟಲನ್ನು ಅವರ ಮುಂದೆ ಸರಿಸಿ ಎದ್ದುಹೋದರು.

ಊರಿನ ಗ್ರಂಥಾಲಯದಲ್ಲಿ ಹಳೆಯ ಪತ್ರಿಕೆಗಳನ್ನು ವರ್ಷವರ್ಷಕ್ಕೆ ಕಟ್ಟಿ, ಗೋಡೆಗಂಟಿದ ಕಬ್ಬಿಣದ ಕಪಾಟಿನಲ್ಲಿ ಇಡಲಾಗಿತ್ತು. ಅವುಗಳನ್ನು ಕೇಳಿಕೊಂಡು ಯಾರೂ ಬಾರದೆ ಕಪಾಟಿನ ಬಾಗಿಲೇ ಬಿಗಿದುಹೋಗಿತ್ತು. ಗ್ರಂಥಪಾಲಕಿ ಮೇಡಂ ಅದನ್ನು ಒದ್ದು ತೆರೆದುಕೊಟ್ಟರು.

"ಸ್ವಾಮಿ, ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುಗಿಸಬೇಡಿ. ಎಂಜಲು ತಡೆಯೋ ವಯಸ್ಸಲ್ಲ ಹಾಳೆಗೆ."

ಕನ್ನಡಕಯ್ಯನವರು ತಮ್ಮ ಮದುವೆಯ ದಿನದ ಪತ್ರಿಕೆಯನ್ನು ಹುಡುಕಿ ವಾಣಿಜ್ಯ ಪುಟವನ್ನು ತೆರೆದರು. ಅಲ್ಲಿದ್ದ ಅಂಕಿಯನ್ನು ಕಂಡು ಸ್ವಂತ ಕನ್ನಡಕವನ್ನು ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ನಮ್ಮದೊಂದಕ್ಕೆ ಗಡಿಯಾಚೆಯದು ನಾನೂರು!

"ಮೇಡಂ! ನಾನು ನಾನೂರು!" ಎಂದು ಕೂಗಿ ಎದ್ದುನಿಂತರು.

"ಇಲ್ಲಿ ಯಾರೂ ನಾನೂರಲ್ಲ ಸ್ವಾಮಿ. ಎಲ್ಲರೂ ಒಂದೊಂದೇ ಕುರ್ಚಿ ಹಿಡಿದಿದ್ದಾರೆ. ನೀವೂ ಕೂತ್ಕೊಳ್ಳಿ."

ಕೂತರು, ವರ್ಷದಿಂದ ವರ್ಷಕ್ಕೆ ತಿರುವಿದರು. ನಾನೂರು ಆರುನೂರಾಯಿತು, ಆರುನೂರು ಒಂಬೈನೂರಾಯಿತು. ಅವರ ಮೀಸೆ ಪ್ರತಿ ಪುಟಕ್ಕೂ ಒಂದಿಷ್ಟು ಮೇಲೇರುತ್ತಿತ್ತು. ಮುಂದಿನ ವರ್ಷದ ಪುಟವನ್ನು ತೆರೆದಾಗ ಅದು ಹಾಗೇ ಜೋತುಬಿತ್ತು. ನಮ್ಮದೊಂದಕ್ಕೆ ಅವರದು ಪಾಯಿಂಟ್ ಒಂಬತ್ತು!

"ಒಂಬೈನೂರಿಂದ ಒಂದಕ್ಕಿಂತ ಕೆಳಗೆ! ಒಂದೇ ವರ್ಷದಲ್ಲಿ! ಬಾವಿಗೆ ಬಿದ್ದ ಕೊಡವಾದರೂ ಇಷ್ಟು ಬೇಗ ಮುಳುಗಲ್ಲವಲ್ಲ ಮೇಡಂ!"

"ಅಷ್ಟು ದೊಡ್ಡ ಸಂಗತಿ ಆಗಿದ್ರೆ ಮೊದಲನೇ ಪುಟದಲ್ಲಿ ಬಂದಿರುತ್ತಲ್ಲ. ತಿರುಗಿಸಿ ನೋಡಿ."

"ಮೊದಲನೇ ಪುಟ ಬರೀ ರಾಜಕೀಯ ಮೇಡಂ. ನಾನು ರಾಜಕೀಯ ಓದೋನಲ್ಲ" ಎಂದರು ಕನ್ನಡಕಯ್ಯನವರು, ದೊಡ್ಡ ವ್ರತವೊಂದನ್ನು ಪಾಲಿಸಿದವರ ಹೆಮ್ಮೆಯಿಂದ.

ನಿಲ್ಲಿ, ಓದುಗರೇ. ಈ ಹೆಮ್ಮೆಯನ್ನು ಗುರುತಿಸಿಟ್ಟುಕೊಳ್ಳಿ. ಮೊದಲ ಪುಟವನ್ನು ತಿರುಗಿಸದೆ ಕೊನೆಯ ಪುಟದಿಂದ ಸಿದ್ಧಾಂತ ಕಟ್ಟುವ ಸಜ್ಜನರಿಂದ ಜಗತ್ತಿಗೆ ಆಗಿರುವ ಹಾನಿ ದುರ್ಜನರಿಂದಲೂ ಆಗಿಲ್ಲ.

ಅವರ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸಲು ತೂಗುಹಾಕಿದ್ದ ಅಕ್ಷರದ ಫಲಕ ಬಿಸಿಲಿಗೆ ಬಣ್ಣಗೆಟ್ಟಿತ್ತು. ಹೊಸದು ಹೇಗೂ ಬೇಕಿತ್ತು. ಕನ್ನಡಕಯ್ಯನವರು ಬಿಳಿಯ ದಪ್ಪ ಹಾಳೆಯನ್ನು ತಂದು, ತಾವೇ ಕುಂಚ ಹಿಡಿದು, ಅಕ್ಷರಗಳ ಬದಲಿಗೆ ವಿನಿಮಯ ದರಗಳನ್ನು ಬರೆದರು. ಎಲ್ಲಕ್ಕಿಂತ ಮೇಲೆ, ಅಂಗೈಯಗಲದ ಅಂಕಿಯಲ್ಲಿ, ಮದುವೆಯ ದಿನದ ನಾನೂರು. ಅದರ ಕೆಳಗೆ ಸ್ವಲ್ಪ ಚಿಕ್ಕದಾಗಿ ಆರುನೂರು, ಒಂಬೈನೂರು. ಕಟ್ಟಕಡೆಗೆ, ಇರುವೆಯ ಕಾಲಿನಷ್ಟು ಸಣ್ಣದಾಗಿ, ಇಂದಿನ ಪಾಯಿಂಟ್ ಎಂಟು. ಇದರಿಂದ ಒಂದು ವಿಚಿತ್ರ ನಡೆಯಿತು. ಊರಿನಲ್ಲಿ ಯಾರ ಕಣ್ಣು ಕೆಟ್ಟಿತ್ತೋ ಅವರಿಗೆಲ್ಲ ನಮ್ಮ ಹಣ ಬಲು ಗಟ್ಟಿಯಾಗಿ ಕಂಡಿತು.

"ಏನು ಕಾಣ್ತಿದೆ ತಾಯಿ?" ಎಂದು ಹಾಲು ಮಾರುವಾಕೆಯನ್ನು ಕೇಳಿದರು.

"ನಾನೂರು ಕಾಣ್ತಿದೆ. ಕೆಳಗಿಂದು ಏನೂ ಕಾಣ್ತಿಲ್ಲ ಅಣ್ಣ."

"ಕೆಳಗಿಂದು ನೋಡೋದೇ ಬೇಡ. ನಿಮ್ಮ ಕಣ್ಣು ನನ್ನ ಮನಸ್ಸಿಗಿಂತ ಚೆನ್ನಾಗಿದೆ."

ಪಕ್ಕದ ಇಸ್ತ್ರಿ ಅಂಗಡಿಯವನ ಕೈ ಬಟ್ಟೆಯ ಮೇಲಿದ್ದರೂ ಕಿವಿ ಎಂದಿನಂತೆ ನಡುಗೋಡೆಯ ಮೇಲಿತ್ತು. ಬಿಸಿ ಬಟ್ಟೆಯ ಗಂಟಿನ ಜೊತೆಗೆ ಬಿಸಿ ಸುದ್ದಿಯನ್ನೂ ಮನೆಮನೆಗೆ ಮುಟ್ಟಿಸುವುದು ಅವನ ಪದ್ಧತಿ. ಅದಕ್ಕೆ ಬೇರೆ ಕೂಲಿ ಕೇಳುತ್ತಿರಲಿಲ್ಲ. "ಕನ್ನಡಕಯ್ಯನವರ ಅಂಗಡೀಲಿ ಗಡಿಯಾಚೆ ದುಡ್ಡಿನ ಬೋರ್ಡು ಬಿದ್ದಿದೆ. ಒಂದಕ್ಕೆ ನಾನೂರಂತೆ! ಬ್ಯಾಂಕಿನವರು ಒಂದೂ ಕೊಡಲ್ಲ, ಇವರು ನಾನೂರು ಕೊಡ್ತಾರೆ" ಎಂದು ಅವನು ಮೊದಲನೆಯ ಮನೆಯಲ್ಲಿ ಹೇಳಿದ. ಕೊನೆಯ ಮನೆ ಮುಟ್ಟುವ ಹೊತ್ತಿಗೆ ಕನ್ನಡಕಯ್ಯನವರ ಮಂಚದ ಕೆಳಗೆ ಗಡಿಯಾಚೆಯ ನೋಟಿನ ಕಟ್ಟುಗಳು ಪೇರಿಸಿ ಕೂತಿದ್ದವು.

ನೆರೆಹೊರೆಯವರ ನಡತೆ ಬದಲಾಯಿತು. ಎಂದೂ ನಮಸ್ಕರಿಸದಿದ್ದ ಔಷಧಿ ಅಂಗಡಿಯವರು ಎದ್ದುನಿಂತು ನಮಸ್ಕರಿಸಿದರು. ಎದುರುಮನೆಯ ನಿವೃತ್ತ ಅಂಚೆ ಮಾಸ್ತರರು ನಿತ್ಯ ಬೆಳಿಗ್ಗೆ ತಮ್ಮ ಮನೆಯ ಕೈಕುರ್ಚಿಯನ್ನು ಬೀದಿಬಾಗಿಲಿಗೆ ತಂದಿಟ್ಟು, "ಬನ್ನಿ ಬನ್ನಿ, ಒಂದು ಗಳಿಗೆ ಕೂತು ಹೋಗಿ" ಎಂದು ಕರೆಯತೊಡಗಿದರು. ಅಷ್ಟು ವರ್ಷ ಅದೇ ಬಾಗಿಲಿನಲ್ಲಿ ಕನ್ನಡಕಯ್ಯನವರು ನಿಂತೇ ಮಾತಾಡಿ ಹೋಗಿದ್ದರು. ಮಾಸ್ತರರ ಹೆಂಡತಿಯಂತೂ ಹಿತ್ತಲ ಗೋಡೆಯಿಂದ ಬಗ್ಗಿ ಕನ್ನಡಕಯ್ಯನವರ ಹೆಂಡತಿಯನ್ನು ಪಿಸುದನಿಯಲ್ಲಿ ಕೇಳಿದರು:

"ನಮಗೂ ಒಂದಿಷ್ಟು ಆ ನಾನೂರರ ರೇಟಲ್ಲಿ ಕೊಡಿಸ್ತೀರಾ?"

"ಆ ರೇಟು ನಮ್ಮ ಮದುವೆ ದಿನಕ್ಕೆ ಮಾತ್ರ ರೀ."

"ಓಹೋ, ಪ್ರತಿವರ್ಷ ಆ ದಿನ ಮಾತ್ರ ಕೊಡೋದಾ? ಯಾವತ್ತು ಹೇಳಿ, ಬರ್ತೀವಿ!"

ಇಂತಹ ಸುದ್ದಿ ಹೋಗಬಾರದ ಕಡೆಗೂ ಹೋಗುತ್ತದೆ. ಒಂದು ಮಧ್ಯಾಹ್ನ, ಎಣ್ಣೆ ಹಾಕಿ ಬಾಚಿದ ತಲೆಯ, ಎಲ್ಲವನ್ನೂ ಎರಡೆರಡು ಸಲ ನೋಡುವ ಒಬ್ಬರು ಅಂಗಡಿಗೆ ಬಂದು, ತಾವು ಬೀಗದ ವ್ಯಾಪಾರಿಯೆಂದೂ ಕಣ್ಣು ಮಂಜಾಗಿದೆಯೆಂದೂ ಹೇಳಿಕೊಂಡರು. ಅಸಲಿಗೆ ಅವರು ವಿದೇಶಿ ಹಣದ ಅಕ್ರಮ ವ್ಯವಹಾರವನ್ನು ಪತ್ತೆಹಚ್ಚುವ ಇಲಾಖೆಯ ಅಧಿಕಾರಿಗಳು. ಅವರ ಕಣ್ಣು ನಿಜಕ್ಕೂ ಮಂಜಾಗಿತ್ತೆಂಬುದು ಬೇರೆಯ ಮಾತು.

ಕನ್ನಡಕಯ್ಯನವರು ಕಣ್ಣು ಪರೀಕ್ಷಿಸುವ ಭಾರವಾದ ಚೌಕಟ್ಟನ್ನು ಅವರ ಮೂಗಿಗೇರಿಸಿ, ಒಂದು ಗಾಜನ್ನು ತೂರಿಸಿದರು.

"ಓದಿ."

"ನಾನೂರು... ಆರುನೂರು..." ಅಧಿಕಾರಿಗಳು ಒಂದೊಂದು ಅಂಕಿಯನ್ನೂ ಎರಡೆರಡು ಸಲ ನೋಡಿದರು. ಇಷ್ಟು ನಿರ್ಭಯವಾಗಿ ಗೋಡೆಯ ಮೇಲೆ ದರಪಟ್ಟಿ ಹಾಕಿದ ಅಪರಾಧಿಯನ್ನು ಅವರು ತಮ್ಮ ನೌಕರಿಯಲ್ಲೇ ಕಂಡಿರಲಿಲ್ಲ. "ಕೊನೇದು ಕಾಣ್ತಿಲ್ಲ."

"ಅದು ಇವತ್ತಿಂದು." ಕನ್ನಡಕಯ್ಯನವರು ಗಾಜನ್ನು ಬದಲಿಸಿದರು. "ಈಗ ಹೇಳಿ. ಈಗ ಚೆನ್ನಾಗಿದೆಯೋ, ಮೊದಲೇ ಚೆನ್ನಾಗಿತ್ತೋ?"

ಅಧಿಕಾರಿಗಳು ಜಾಣತನದಿಂದ, "ವ್ಯಾಪಾರಕ್ಕೆ ಮೊದಲೇ ಚೆನ್ನಾಗಿತ್ತು" ಎಂದರು.

"ನನ್ನ ಮಾತನ್ನೇ ಆಡಿದ್ರಿ! ಕೇಳಿದವರಿಗೆಲ್ಲ ನಾನೂ ಅದನ್ನೇ ಹೇಳೋದು. ಭಾನುವಾರದ ಹೊತ್ತಿಗೆ ನಮ್ಮದು ಸ್ವಲ್ಪ ಮೇಲೆದ್ದರೆ ಸಾಕು ಅಂತ ಕಾಯ್ತಿದ್ದೀನಿ."

"ಭಾನುವಾರ ಏನಿದೆ?"

"ಎಲ್ಲ ಇತ್ಯರ್ಥ ಅವತ್ತೇ. ಬಸ್ ನಿಲ್ದಾಣದ ಹಿಂದೆ, ನೀರಿನ ಟ್ಯಾಂಕಿನ ಎದುರಿಗೆ ನಮ್ಮ ಮಾವನ ಮನೆ. ಗಡಿಯಾಚೆಯಿಂದ ನಮ್ಮ ಷಡ್ಡಕ ಬರ್ತಿದ್ದಾನೆ. ಇಷ್ಟು ವರ್ಷದ ರೇಟು ಮುಂದಿಟ್ಟು ಒಂದೇ ಏಟಿಗೆ ಮುಗಿಸ್ತೀನಿ."

"ಎಷ್ಟರದು?" ಎಂದು ಅಧಿಕಾರಿಗಳು ಮುಂದಕ್ಕೆ ಬಾಗಿ ಕೇಳಿದರು.

"ಅದಕ್ಕೆ ಬೆಲೆ ಕಟ್ಟೋಕಾಗಲ್ಲ ಸ್ವಾಮಿ" ಎಂದರು ಕನ್ನಡಕಯ್ಯನವರು, ಕಣ್ಣು ಒದ್ದೆ ಮಾಡಿಕೊಂಡು. "ನಿಮ್ಮ ಕನ್ನಡಕ ಮುಂದಿನ ವಾರ ಸಿದ್ಧ ಇರುತ್ತೆ."

ಭಾನುವಾರ ಬಂತು. ಮಾವನ ಮನೆಯ ಪಡಸಾಲೆಯಲ್ಲಿ ಗೋಡೆಗೆ ಬೆನ್ನಾಗಿ, ಪಕ್ಕದ ಮನೆಯಿಂದ ಎರವಲು ತಂದ ಎರಡು ಮರದ ಕುರ್ಚಿಗಳು, ಅವುಗಳ ನಡುವೆ ಆ ಕೈಕುರ್ಚಿ. ಫೋಟೋದವನು ಮುಕ್ಕಾಲಿಯ ಮೇಲೆ ಕ್ಯಾಮೆರಾ ನಿಲ್ಲಿಸಿ ಗಡಿಯಾರವನ್ನು ನೋಡುತ್ತಿದ್ದ. ಕನ್ನಡಕಯ್ಯನವರು ಸುರುಳಿ ಸುತ್ತಿದ ಫಲಕವನ್ನು ಕಂಕುಳಲ್ಲಿ ಇರುಕಿಕೊಂಡು ಹೆಂಡತಿಯೊಡನೆ ಒಳಗೆ ಬಂದರು. ಸ್ವಲ್ಪ ಹೊತ್ತಿನಲ್ಲೇ ಷಡ್ಡಕರೂ ಹೆಂಡತಿಯೊಡನೆ ಬಂದರು. ಕೋಲು ನುಂಗಿದವರಂತೆ ನೆಟ್ಟಗೆ, ಕತ್ತನ್ನೂ ಬಗ್ಗಿಸದೆ, ಹೆಜ್ಜೆಯ ಮೇಲೊಂದು ಹೆಜ್ಜೆಯಿಟ್ಟು ಬಂದರು.

"ನೋಡೇ, ರೇಟು ಏರಿದವನ ನಡಿಗೆ ನೋಡು" ಎಂದು ಕನ್ನಡಕಯ್ಯನವರು ಹೆಂಡತಿಯ ಕಿವಿಯಲ್ಲಿ ಹೇಳಿದರು. "ಮಾವನ ಕಾಲಿಗೆ ಬಗ್ಗೋಕೂ ಆಗಲ್ಲ ಅವನಿಗೆ."

ಷಡ್ಡಕರು ಕೈಕುರ್ಚಿಯ ಕಡೆಗೆ ಹೊರಟರು. ಕನ್ನಡಕಯ್ಯನವರು ಅಡ್ಡ ನಿಂತರು.

"ನಿಲ್ಲಿ ಭಾವ! ಲೆಕ್ಕ ತೀರದೆ ಇವತ್ತು ಯಾರೂ ಕೂರಬಾರದು" ಎಂದು ಫಲಕವನ್ನು ಬಿಚ್ಚಿ ಹಿಡಿದರು.

ಅದೇ ಗಳಿಗೆಗೆ ಬಾಗಿಲಲ್ಲಿ ಬೀಗದ ವ್ಯಾಪಾರಿಗಳು ಕಾಣಿಸಿಕೊಂಡರು. ಮಾವನವರು ಅವರನ್ನು ಹಿರಿಯ ಅಳಿಯನ ಗೆಳೆಯರೆಂದು ತಿಳಿದರು. ಹಿರಿಯ ಅಳಿಯ ಕಿರಿಯವನ ಕಡೆಯ ಸಾಕ್ಷಿಯೆಂದು ತಿಳಿದರು. ಕನ್ನಡಕಯ್ಯನವರು, ಕನ್ನಡಕಕ್ಕಾಗಿ ಅವಸರಪಟ್ಟು ಇಲ್ಲಿಯವರೆಗೂ ಬಂದರಲ್ಲ ಎಂದುಕೊಂಡರು. ಅತ್ತೆ ಮಾತ್ರ ಏನನ್ನೂ ತಿಳಿಯುವ ಗೋಜಿಗೆ ಹೋಗದೆ, "ಬನ್ನಿ ಸ್ವಾಮಿ, ಇಲ್ಲಿ ಕೂತ್ಕೊಳ್ಳಿ. ಇವರ ಜಗಳ ಮುಗಿಯೋವರೆಗೆ ಈ ಕುರ್ಚಿ ಖಾಲಿ ಇರೋದು ಒಳ್ಳೇದಲ್ಲ" ಎಂದು ಕೈಕುರ್ಚಿಯಲ್ಲೇ ಕೂರಿಸಿ, ಕೈಗೊಂದು ಚಹಾದ ಲೋಟ ಕೊಟ್ಟರು.

"ನೋಡಿ ಭಾವ," ಕನ್ನಡಕಯ್ಯನವರು ಫಲಕದ ನೆತ್ತಿಯ ಮೇಲೆ ಬೆರಳಿಟ್ಟರು. "ನಮ್ಮಿಬ್ಬರ ಮದುವೆ ದಿನ ನಮ್ಮದೊಂದಕ್ಕೆ ನಿಮ್ಮದು ನಾನೂರು. ಅಂದ್ರೆ ನಿಮ್ಮಂಥ ನಾನೂರು ಜನ ಸೇರಿದ್ರೆ ನನ್ನಂಥ ಒಬ್ಬ ಅಳಿಯ!"

ಷಡ್ಡಕರು ನಕ್ಕರು, ನಕ್ಕದ್ದರಿಂದ ಸೊಂಟ ಹಿಡಿದುಕೊಂಡರು. "ನಾನೂರಾ? ಅದು ಹಳೇ ನೋಟು ಕಣಯ್ಯಾ! ನಮ್ಮ ಸರ್ಕಾರ ಮೂರು ಸೊನ್ನೆ ತೆಗೆದುಹಾಕ್ತಲ್ಲ. ಸಾವಿರದ ಹಳೇ ನೋಟು ಕೊಟ್ಟರೆ ಒಂದರ ಹೊಸ ನೋಟು. ಜಗತ್ತಿಗೆಲ್ಲ ಗೊತ್ತು, ನಿನಗೆ ಗೊತ್ತಿಲ್ವಾ?"

"ಸೊನ್ನೆ ತೆಗೆದ್ರಾ? ಯಾರನ್ನ ಕೇಳಿ ತೆಗೆದ್ರು?"

"ಯಾಕೆ, ನಿನ್ನ ಅಂಗಡಿಗೆ ಬಂದು ಕೇಳಬೇಕಾಗಿತ್ತಾ?"

"ನನ್ನ ಮದುವೆ ರೇಟಿನ ಸೊನ್ನೆ ಅದು! ನೋಟಿಂದ ತೆಗೆದುಕೊಳ್ಳಲಿ. ನನ್ನ ಮರ್ಯಾದೆಯಿಂದ ತೆಗೆಯೋಕೆ ನಿಮ್ಮ ಸರ್ಕಾರ ಯಾರು?"

"ತೆಗೆದು ಲೆಕ್ಕ ಹಾಕು. ಮದುವೆ ದಿನ ನಿನ್ನದು ಬರೀ ಪಾಯಿಂಟ್ ನಾಲ್ಕು. ಅವತ್ತೂ ನಾನೇ ದೊಡ್ಡೋನು, ಇವತ್ತೂ ನಾನೇ ದೊಡ್ಡೋನು!"

ಕನ್ನಡಕಯ್ಯನವರ ಕೈಯಲ್ಲಿದ್ದ ಫಲಕ ಜೋತುಬಿತ್ತು. ಮೊದಲ ಪುಟವನ್ನು ತಿರುಗಿಸದ ಪಾಪ ಹೀಗೆ ಅಳಿಯಂದಿರ ಸಭೆಯಲ್ಲಿ ಫಲಿಸಿತು. ಅಷ್ಟರಲ್ಲಿ ಕೈಕುರ್ಚಿಯಿಂದ ಒಂದು ಕೆಮ್ಮು ಕೇಳಿಸಿತು.

"ಕ್ಷಮಿಸಿ. ಪಾಯಿಂಟ್ ನಾಲ್ಕು ಇದ್ದದ್ದು ಇವತ್ತು ಪಾಯಿಂಟ್ ಎಂಟಾಗಿದೆ ಅಂದ್ರೆ, ಮದುವೆ ದಿನಕ್ಕಿಂತ ಇವರ ಹಣವೇ ದುಪ್ಪಟ್ಟಾಗಿದೆ" ಎಂದರು ಬೀಗದ ವ್ಯಾಪಾರಿಗಳು, ಕನ್ನಡಕಯ್ಯನವರನ್ನು ತೋರಿಸಿ. ಲೆಕ್ಕ ತಪ್ಪಿದ್ದನ್ನು ಕಂಡು ಸುಮ್ಮನಿರುವುದು ಅವರ ಇಲಾಖೆಯಲ್ಲಿ ಅಭ್ಯಾಸವಾಗಿರಲಿಲ್ಲ.

"ಕೇಳಿದ್ರಾ ಭಾವ! ನಾನು ದುಪ್ಪಟ್ಟು!"

"ಹಾಗಾದ್ರೆ ನಮ್ಮ ಸೊನ್ನೆ ನಮಗೆ ವಾಪಸ್ ಹಾಕಿ!" ಎಂದರು ಷಡ್ಡಕರು.

"ಹಾಕಿದ್ರೂ ಅಷ್ಟೇ ಸ್ವಾಮಿ. ನಾನೂರು ಎಂಟುನೂರಾಗುತ್ತೆ" ಎಂದರು ಬೀಗದ ವ್ಯಾಪಾರಿಗಳು.

"ಇವರು ಯಾರ್ರೀ, ನನ್ನ ಸೊನ್ನೆ ವಿಷಯಕ್ಕೆ ಬರೋಕೆ?" ಎಂದು ಷಡ್ಡಕರು ಗುಡುಗಿದರು.

"ಸಾರ್," ಫೋಟೋದವನು ಗೋಗರೆದ, "ನನಗೆ ಇನ್ನೊಂದು ಮನೇಲಿ ಕೆಲಸ ಇದೆ. ಅಲ್ಲಿ ಎಲ್ಲರೂ ಆಗಲೇ ಕೂತಿದ್ದಾರೆ. ನೀವು ಎಲ್ಲರೂ ಒಂದು ಕಡೆ ಸೇರಿದ ಕ್ಷಣ ಒತ್ತಿಬಿಡ್ತೀನಿ, ಮತ್ತೆ ಕೇಳಬೇಡಿ."

ಮಾವನವರು ಎದ್ದುನಿಂತರು. "ಅಳತೆಕೋಲು ಸಣ್ಣದು ಮಾಡಿ, ಬಟ್ಟೆ ಉದ್ದ ಆಯ್ತು ಅಂದೋರನ್ನ ನಾನು ಸರ್ವಿಸ್ ಪೂರ್ತಿ ಹಿಡಿದು ದಂಡ ಹಾಕಿದ್ದೀನಿ. ನೀವು ಅಳಿಯಂದಿರು ಅಂತ ಬಿಟ್ಟಿದ್ದೀನಿ. ಈ ರೇಟಿಗೂ ಕುರ್ಚಿಗೂ ಏನಪ್ಪಾ ಸಂಬಂಧ?"

"ನೀವು ರೇಟು ನೋಡಿ ತಾನೇ ಮಾವ ಕುರ್ಚಿ ಹಾಕೋದು?" ಎಂದರು ಕನ್ನಡಕಯ್ಯನವರು. "ನಮ್ಮದು ಮೇಲಿದ್ದಾಗ ನನ್ನ ಕೂರಿಸಿದ್ರಿ. ಬಿದ್ದ ವರ್ಷ ಎಬ್ಬಿಸಿದ್ರಿ."

ಮಾವನವರು ಅತ್ತೆಯ ಮುಖ ನೋಡಿದರು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡರು.

"ಅಯ್ಯೋ ನನ್ನಪ್ಪಾ! ಹೇಳಿದ್ರೆ ಬೇಜಾರಾಗುತ್ತೆ ಅಂತ ಇಷ್ಟು ವರ್ಷ ಹೇಳಿರಲಿಲ್ಲ. ನೀವು ಊಟ ಆದ ತಕ್ಷಣ ಕೂತಲ್ಲೇ ತೂಕಡಿಸ್ತಿದ್ರಿ. ಮದುವೆ ಆದ ಹೊಸದರಲ್ಲಿ ಸ್ಟೂಲಿಂದ ಉರುಳಿ ಚಪ್ಪಲಿ ರಾಶಿ ಮೇಲೆ ಬಿದ್ದು, ಎಚ್ಚರ ಆಗದೆ ಅಲ್ಲೇ ಮಲಗಿದ್ರಿ. ಕೈ ಇರೋ ಕುರ್ಚೀಲಿ ಕೂರಿಸಿದ್ರೆ ಬೀಳಲ್ಲ ಅಂತ ಕೂರಿಸಿದ್ವಿ."

"ಮತ್ತೆ ಎಬ್ಬಿಸಿದ್ದು?"

"ಆ ವರ್ಷ ದೊಡ್ಡಳಿಯ ಹಾಸಿಗೆ ಎತ್ತೋಕೆ ಹೋಗಿ ಬೆನ್ನು ಉಳುಕಿಸಿಕೊಂಡ್ರಲ್ಲ. ಅವರಿಗೆ ಊರಿಕೊಂಡು ಏಳೋಕೆ ಕೈ ಬೇಕು. ಇರೋದು ಒಂದೇ ಕುರ್ಚಿ. ಅದಕ್ಕೇ ನಿಮ್ಮ ಸ್ಟೂಲನ್ನ ಗೋಡೆ ಮೂಲೆಗೆ ಒತ್ತಿ ಹಾಕಿದ್ವಿ. ಅಲ್ಲಿಂದ ಉರುಳೋಕೆ ಜಾಗ ಇಲ್ಲ."

ಒಬ್ಬ ಅಳಿಯನ ಒಂಬೈನೂರು, ಇನ್ನೊಬ್ಬ ಅಳಿಯನ ಮೂರು ಸೊನ್ನೆ, ಎರಡೂ ತೂಕಡಿಕೆಯಾಗಿ, ಬೆನ್ನುನೋವಾಗಿ ಕರಗಿಹೋದವು.

ಆಗ ಬಾಯಿಬಿಟ್ಟವರು ಅಧಿಕಾರಿಗಳು. ಅವರು ಲೋಟವನ್ನು ಕೆಳಗಿಟ್ಟು, ಜೇಬಿನಿಂದ ಗುರುತಿನ ಚೀಟಿಯನ್ನು ತೆಗೆದು ಎತ್ತಿಹಿಡಿದು, ಬಲು ನಿರಾಶೆಯಿಂದ ಕೇಳಿದರು: "ಹಾಗಾದ್ರೆ ಈ ಮನೇಲಿ ಗಡಿಯಾಚೆ ಹಣ ಇಲ್ಲವೇ ಇಲ್ವಾ?"

ಎಲ್ಲರೂ ಬೆಚ್ಚಿದರು. ಬೆಚ್ಚದವರು ಕನ್ನಡಕಯ್ಯನವರ ಹೆಂಡತಿ ಒಬ್ಬರೇ.

"ಇದೆ ಸ್ವಾಮಿ. ನೀವು ಅದರ ಮೇಲೇ ಕೂತಿದ್ದೀರಿ."

"ಎಲ್ಲಿ?"

"ಕುರ್ಚಿಯ ಮುಂದಿನ ಬಲಗಾಲಿನ ಕೆಳಗೆ. ಆ ಕಾಲು ಗಿಡ್ಡ. ಅಕ್ಕ ಅಲ್ಲಿಂದ ತಂದಿದ್ದ ಒಂದು ನಾಣ್ಯವನ್ನ ಅಪ್ಪ ಅದಕ್ಕೆ ಒತ್ತು ಕೊಟ್ಟಿದ್ದಾರೆ."

"ಊರಿನ ಯಾವ ನಾಣ್ಯವೂ ಅಷ್ಟು ಸರಿಯಾಗಿ ಕೂರಲಿಲ್ಲ" ಎಂದು ಮಾವನವರು ವೃತ್ತಿಗೌರವದಿಂದ ವಿವರಿಸಿದರು. "ಕೂದಲೆಳೆ ಹೆಚ್ಚಿಲ್ಲ, ಕಡಿಮೆ ಇಲ್ಲ. ಗಡಿಯಾಚೆ ಹಣ ನನಗೆ ಉಪಯೋಗಕ್ಕೆ ಬಂದದ್ದು ಅಷ್ಟೇ."

ಅಧಿಕಾರಿಗಳ ಮುಖದಲ್ಲಿ ಜೀವ ಬಂತು. "ಯಾರೂ ಅಲುಗಬೇಡಿ! ಸಾಕ್ಷ್ಯ ಇದ್ದಲ್ಲೇ ಇರಬೇಕು. ನಾನು ಏಳೋದಿಲ್ಲ. ನೀವಿಬ್ಬರೂ ಬಗ್ಗಿ, ಕಾಲು ಎತ್ತಿ, ನಾಣ್ಯ ತೋರಿಸಿ" ಎಂದು ಕುರ್ಚಿಯ ಎರಡೂ ಕೈಗಳನ್ನು ಹಿಡಿದು, ಎದೆಯುಬ್ಬಿಸಿ, ನೆಟ್ಟಗೆ ಕುಳಿತರು.

ಇಬ್ಬರು ಅಳಿಯಂದಿರೂ ಅವರ ಮುಂದೆ ಮಂಡಿಯೂರಿದರು. ಕನ್ನಡಕಯ್ಯನವರು ಕುರ್ಚಿಯ ಕಾಲೆತ್ತಿದರು. ಷಡ್ಡಕರು ನಾಣ್ಯಕ್ಕೆ ಕೈಚಾಚಿ ಬಗ್ಗಿದವರು ಹಾಗೆಯೇ ಸಿಕ್ಕಿಕೊಂಡರು.

"ಅಯ್ಯಯ್ಯೋ, ಬೆನ್ನು! ಹಿಡಿಯೋ, ಹಿಡ್ಕೊಳ್ಳೋ!"

"ಹಿಡಿದಿದ್ದೀನಿ ಭಾವ, ನನ್ನ ಹೆಗಲ ಮೇಲೆ ಊರಿ. ಮೆಲ್ಲಗೆ. ನಾನಿದ್ದೀನಿ" ಎಂದು ಕನ್ನಡಕಯ್ಯನವರು ಒಂದು ಕೈಯಲ್ಲಿ ಕುರ್ಚಿಯನ್ನೂ ಇನ್ನೊಂದು ಕೈಯಲ್ಲಿ ಷಡ್ಡಕರನ್ನೂ ಎತ್ತಿಹಿಡಿದರು.

ಅತ್ತೆ ಮಾವಂದಿರು ಏನಾಯಿತೋ ಎಂದು ತಮ್ಮ ತಮ್ಮ ಕುರ್ಚಿಯಲ್ಲಿ ಕುಸಿದು ಕುಳಿತರು. ಅಕ್ಕತಂಗಿಯರು ಓಡಿಬಂದು ಹಿಂದೆ ನಿಂತರು. ಎಲ್ಲರೂ ಒಂದು ಕಡೆ ಸೇರಿದರು.

ಫೋಟೋದವನು ಒತ್ತಿಬಿಟ್ಟ.

"ಬಹಳ ಚೆನ್ನಾಗಿ ಬಂದಿದೆ. ಯಾರೂ ಕಣ್ಣು ಮುಚ್ಚಿಲ್ಲ" ಎಂದು ಮುಕ್ಕಾಲಿಯನ್ನು ಮಡಚಿ ಹೊರಟೇಹೋದ.

ನಾಣ್ಯ ಹಳೆಯದು, ಮೂರು ಸೊನ್ನೆಗಳ ಕಾಲದ್ದು, ಎಲ್ಲಿಯೂ ಚಲಾವಣೆಯಿಲ್ಲದ್ದು. ಅಧಿಕಾರಿಗಳು ಅದನ್ನು ಹಿಂದಕ್ಕೂ ಮುಂದಕ್ಕೂ ತಿರುಗಿಸಿ ನೋಡಿ, ತಾವೇ ಬಗ್ಗಿ ಕುರ್ಚಿಯ ಕಾಲಿನ ಕೆಳಗಿಟ್ಟು, ಚಹಾ ಚೆನ್ನಾಗಿತ್ತೆಂದು ಹೇಳಿ ಹೋದರು. ಮುಂದಿನ ವಾರವೇ ಅವರಿಗೆ ದೂರದ ಊರಿಗೆ ವರ್ಗವಾಯಿತೆಂದು ಇಸ್ತ್ರಿ ಅಂಗಡಿಯವನಿಂದ ತಿಳಿಯಿತು.

ಆ ಫೋಟೋ ಈಗ ಮಾವನ ಮನೆಯ ಗೋಡೆಯ ಮೇಲಿದೆ. ಕಟ್ಟು ಹಾಕಿಸಿದ್ದಾಗಿದೆ, ಗೋಡೆಯ ಅಗಲಕ್ಕೆ ಸರಿಯಾಗಿದೆ, ತೆಗೆಯಲು ಮಾವನವರು ಒಪ್ಪುವುದಿಲ್ಲ. ನಡುವೆ ಕೈಕುರ್ಚಿಯಲ್ಲಿ, ಎಣ್ಣೆ ಹಾಕಿ ಬಾಚಿದ ತಲೆಯ ಮಹಾನುಭಾವರೊಬ್ಬರು ಎದೆಯುಬ್ಬಿಸಿ ಕೂತಿದ್ದಾರೆ. ಅವರ ಪಾದದ ಬಳಿ ಇಬ್ಬರು ಅಳಿಯಂದಿರು ಒಬ್ಬರನ್ನೊಬ್ಬರು ತಬ್ಬಿಕೊಂಡು ಮಂಡಿಯೂರಿದ್ದಾರೆ. ಬಂದವರೆಲ್ಲ, "ಇವರು ಯಾರು? ನಿಮ್ಮ ಮನೆತನದ ಹಿರಿಯರಾ?" ಎಂದು ಕೈಮುಗಿಯುತ್ತಾರೆ. ಮನೆಯವರು ಹೌದೆನ್ನಲೂ ಆರರು, ಅಲ್ಲವೆನ್ನಲೂ ಆರರು.

ಕನ್ನಡಕಯ್ಯನವರು ಅಂಗಡಿಯಲ್ಲಿ ದರದ ಫಲಕದ ಬದಲಿಗೆ ಮತ್ತೆ ಅಕ್ಷರದ ಫಲಕವನ್ನೇ ಹಾಕಿದ್ದಾರೆ. ಅಂಚೆ ಮಾಸ್ತರರ ಕೈಕುರ್ಚಿ ಅದೇ ಸಂಜೆ ಒಳಗೆ ಹೋಯಿತು. ಷಡ್ಡಕರು ಬಂದಾಗಲೆಲ್ಲ ಕನ್ನಡಕಯ್ಯನವರೇ ತೋಳು ಕೊಟ್ಟು ಕೂರಿಸುತ್ತಾರೆ, ತೋಳು ಕೊಟ್ಟು ಎಬ್ಬಿಸುತ್ತಾರೆ. ಆಮೇಲೆ ತಾವು ಮೂಲೆಯ ಸ್ಟೂಲಿಗೆ ಹೋಗಿ ನಿಶ್ಚಿಂತೆಯಿಂದ ತೂಕಡಿಸುತ್ತಾರೆ. ಫೋಟೋದ ಮುಂದೆ ನಿಂತು ಅವರೊಮ್ಮೆ, "ಹೋಗಲಿ ಬಿಡು, ಅವನೂ ಕೂರಲಿಲ್ಲ, ನಾನೂ ಕೂರಲಿಲ್ಲ" ಎಂದು ಸಮಾಧಾನ ಮಾಡಿಕೊಂಡರು.

"ನಾನೂ ಅಕ್ಕನೂ ಮದುವೆ ಆದಾಗಿನಿಂದ ಈ ಮನೇಲಿ ನಿಂತೇ ಇದ್ದೀವಿ" ಎಂದರು ಹೆಂಡತಿ. "ನಮ್ಮ ರೇಟು ಯಾವ ಪೇಪರಲ್ಲಿ ಬರುತ್ತೆ ರೀ?"

ಕನ್ನಡಕಯ್ಯನವರು ಫೋಟೋವನ್ನು ಮತ್ತೊಮ್ಮೆ ನೋಡಿದರು. ಅಷ್ಟು ದಿನ ನೋಡಿದ್ದರೂ, ಕುರ್ಚಿಯ ಹಿಂದೆ ನಿಂತಿದ್ದ ಆ ಎರಡು ಮುಖಗಳನ್ನು ಅವರು ಕಂಡಿರಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು.

ಇನ್ನು ನಿಮ್ಮ ಕೆಲಸ, ಓದುಗರೇ. ಅಧಿಕಾರಿಗಳ ಕನ್ನಡಕ ಸಿದ್ಧವಾಗಿ ಅಂಗಡಿಯ ಕಪಾಟಿನಲ್ಲಿ ಕಾದಿದೆ. ಅವರು ನಿಮ್ಮ ಊರಿಗೆ ವರ್ಗವಾಗಿ ಬಂದಿದ್ದರೆ ದಯವಿಟ್ಟು ತಿಳಿಸಿ. ಇನ್ನೊಂದು ಮಾತು. ಈ ಕಥೆಯನ್ನು ನೀವು ಕೈಯಿರುವ ಕುರ್ಚಿಯಲ್ಲಿ ಕೂತು ಓದುತ್ತಿದ್ದರೆ, ಒಮ್ಮೆ ಎದ್ದು ಹಿಂದಕ್ಕೆ ತಿರುಗಿ ನೋಡಿ. ಅಲ್ಲಿ ಯಾರೋ ಬಹಳ ಹೊತ್ತಿನಿಂದ ನಿಂತಿದ್ದಾರೆ. ಅವರನ್ನು ಕೂರಿಸಿ.